ಕಾಡುಪಾಪ: ಗೇಣುದ್ದದ ಈ ಜೀವಿ ಉಳಿಯೋದು ಹೇಗೆ? ಇಲ್ಲಿದೆ ಮಾಹಿತಿ

ಡಂಬಳ: ದುಂಡನೆಯ ದೊಡ್ಡ ಕಣ್ಣು, ಕಡ್ಡಿಯಂಥ ಕೈಕಾಲು, ಬಾಲ ಇಲ್ಲ. ಉದ್ದ ಒಂದು ಗೇಣು, ತೂಕ ಕಾಲು ಕೆ.ಜಿ. ಆಸುಪಾಸು. ಇದೇ ಕಾಡುಪಾಪ. ಮಾಟ-ಮಂತ್ರದ ಸುದ್ದಿಯಲ್ಲಿ ಮಾತ್ರ ಇದರ ಹೆಸರು ಕೇಳಿದವರೇ ಹೆಚ್ಚು. ಇದು ಎಲ್ಲಿದೆ, ಯಾಕೆ ಕಡಿಮೆ ಆಗ್ತಿದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಮಂಗನಲ್ಲ, ಮುಸ್ಯಾನೂ ಅಲ್ಲ

ಮಂಗ, ಮುಸ್ಯಾ, ಮನುಷ್ಯ ಎಲ್ಲ ಸೇರಿರುವ ದೊಡ್ಡ ಬಳಗಕ್ಕೇ ಕಾಡುಪಾಪವೂ ಸೇರುತ್ತದೆ. ಆದರೆ ಇದು ಆ ಬಳಗದ ಬಹಳ ಹಳೆಯ ಕವಲು. ಹಗಲೆಲ್ಲ ಮುಳ್ಳುಕಂಟಿಯ ದಟ್ಟ ಪೊದೆಯಲ್ಲಿ ಮುದುಡಿಕೊಂಡು ಮಲಗಿರುತ್ತದೆ. ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಟಾರ್ಚ್ ಬಿಟ್ಟರೆ ಎರಡೂ ಕಣ್ಣು ಕೆಂಡದಂತೆ ಹೊಳೆಯುತ್ತವೆ.

ಊಟ ಹೆಚ್ಚಾಗಿ ಹುಳ-ಹುಪ್ಪಟೆ. ಇರುವೆ, ಗೆದ್ದಲು, ಜೀರುಂಡೆ ಹಿಡಿದು ತಿನ್ನುತ್ತದೆ. ಮರದ ಅಂಟನ್ನೂ ನೆಕ್ಕುತ್ತದೆ. ಹೊಲದ ಬದುವಿನಲ್ಲಿದ್ದರೆ ರೈತನಿಗೆ ಇದರಿಂದ ನಷ್ಟ ಇಲ್ಲ. ಸುಮಾರು ಐದೂವರೆ ತಿಂಗಳು ಗರ್ಭ ಹೊತ್ತು ಒಂದು ಅಥವಾ ಎರಡು ಮರಿ ಹಾಕುತ್ತದೆ. ಹೀಗಾಗಿ ಒಮ್ಮೆ ಸಂಖ್ಯೆ ಕುಸಿದರೆ ಬೇಗ ಏರೋದಿಲ್ಲ.

ಎಲ್ಲೆಲ್ಲಿದೆ?

ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಪಶ್ಚಿಮಘಟ್ಟದ ಮಳೆಕಾಡಿನಲ್ಲಿ ಒಂದು ಬಗೆ, ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಇನ್ನೊಂದು ಬಗೆ. ನಮ್ಮ ರಾಜ್ಯದಲ್ಲಿ ತುಮಕೂರು ಜಿಲ್ಲೆಯ ನಾಗವಲ್ಲಿ ಸುತ್ತಮುತ್ತ ಇದಕ್ಕೆ ಹೆಸರುವಾಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಇವೆ. ಆ ನಗರದಲ್ಲಿ 2014ರಿಂದ ಸಾಮಾನ್ಯ ಜನರೇ ರಾತ್ರಿ ಟಾರ್ಚ್ ಹಿಡಿದು ಇವನ್ನು ಹುಡುಕಿ ದಾಖಲಿಸುವ ಕೆಲಸ ನಡೆದಿದೆ.

ನಮ್ಮ ದೇಶದ ಕಾಡುಪಾಪ ಜಾಗತಿಕ ಪಟ್ಟಿಯಲ್ಲಿ ಅಪಾಯಕ್ಕೆ ಹತ್ತಿರವಾದ ಜೀವಿ. ಶ್ರೀಲಂಕಾದ ಕೆಂಪು ಕಾಡುಪಾಪ ಅದಕ್ಕೂ ಮುಂದೆ ಹೋಗಿ ಅಳಿವಿನಂಚಿನ ಪಟ್ಟಿ ಸೇರಿದೆ. ಅಲ್ಲಿನ ಮಳೆಕಾಡು ತುಂಡು ತುಂಡಾಗಿದ್ದೇ ಮುಖ್ಯ ಕಾರಣ.

ಕೊಂಬೆ ತಪ್ಪಿದರೆ ದಾರಿ ತಪ್ಪಿತು

ಕಾಡುಪಾಪ ಮಂಗನಂತೆ ಜಿಗಿಯೋದಿಲ್ಲ. ಒಂದು ಕೊಂಬೆ ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತದೆ. ನಡುವೆ ರಸ್ತೆ ಬಂದರೆ, ಬೇಲಿ ಕಿತ್ತರೆ, ಸಾಲಿನಲ್ಲಿದ್ದ ನಾಲ್ಕು ಮರ ಕಡಿದರೆ ನೆಲಕ್ಕಿಳಿಯಲೇಬೇಕು. ಇಳಿದರೆ ನಾಯಿ, ವಾಹನ. ತಂತಿ ಹಿಡಿದು ದಾಟಲು ಹೋದರೆ ಕರೆಂಟ್. ಕಾಡು ಎಷ್ಟು ಎಕರೆ ಇದೆ ಅನ್ನೋದರ ಜೊತೆಗೆ, ಮರಗಳು ಒಂದಕ್ಕೊಂದು ಕೂಡಿಕೊಂಡಿವೆಯಾ ಅನ್ನೋದೂ ಇದಕ್ಕೆ ಅಷ್ಟೇ ಮುಖ್ಯ.

ಇನ್ನೊಂದು ಕಂಟಕ ಮೂಢನಂಬಿಕೆ. ವಶೀಕರಣಕ್ಕೆ, ವೈರಿಗೆ ಕೇಡು ಮಾಡೋದಕ್ಕೆ ಇದರ ಕಣ್ಣು, ಮೈ ಬೇಕು ಅಂತ ನಂಬಿಸಿ ಮಾರುವವರಿದ್ದಾರೆ. ಇದರಿಂದ ಯಾರಿಗೂ ಒಳ್ಳೆಯದೂ ಆಗೋದಿಲ್ಲ, ಕೆಟ್ಟದ್ದೂ ಆಗೋದಿಲ್ಲ. ಸಾಯೋದು ಪ್ರಾಣಿ ಮಾತ್ರ.

ಎಲ್ಲಿ ಏನು ಮಾಡಿದ್ದಾರೆ?

ತಮಿಳುನಾಡು 2022ರ ಅಕ್ಟೋಬರ್‌ನಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಪ್ರದೇಶವನ್ನು ಕಡವೂರು ಕಾಡುಪಾಪ ಅಭಯಾರಣ್ಯ ಎಂದು ಘೋಷಿಸಿತು. ಈ ಪ್ರಾಣಿಗಾಗಿಯೇ ಮಾಡಿದ ದೇಶದ ಮೊದಲ ಅಭಯಾರಣ್ಯ ಅದು.

ನಮ್ಮ ರಾಜ್ಯದಲ್ಲಿ ಇದೇ ಬಳಗದ ಸಿಂಗಳೀಕಕ್ಕಾಗಿ ಶಿರಸಿ-ಹೊನ್ನಾವರ ಭಾಗದಲ್ಲಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಆಯಿತು. ಸಿಂಗಳೀಕ ತಿನ್ನುವ ಉಪ್ಪಾಗೆ ಹಣ್ಣನ್ನೇ ಅಲ್ಲಿನ ಜನ ಸಂಗ್ರಹಿಸಿ ಮಾರುತ್ತಾರೆ. ಹಾಗಾಗಿ ಕಾಡು ಉಳಿಯೋದರಲ್ಲಿ ಇಬ್ಬರ ಪಾಲೂ ಇದೆ.

ಕಪ್ಪತಗುಡ್ಡಕ್ಕೂ ಇದಕ್ಕೂ ಏನು ಸಂಬಂಧ?

ಕಪ್ಪತಗುಡ್ಡ ಹೆಸರಾಗಿರೋದು ಔಷಧಿ ಸಸ್ಯ, ತೋಳ, ಕತ್ತೆಕಿರುಬಗಳಿಗೆ. ಆದರೆ ಕುರುಚಲು ಕಾಡಿನ ಕಷ್ಟ ಎಲ್ಲ ಕಡೆ ಒಂದೇ. ಸರ್ಕಾರ 2015ರಲ್ಲಿ ಕೊಟ್ಟ ಸಂರಕ್ಷಿತ ಸ್ಥಾನಮಾನವನ್ನು 2016ರಲ್ಲಿ ಹಿಂದಕ್ಕೆ ಪಡೆದಾಗ, ಗದಗ-ಡಂಬಳ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಜಿಲ್ಲೆಯ ಜನ ಬೀದಿಗಿಳಿದರು. 2017ರಲ್ಲಿ ಅದು ಮರಳಿ ಸಿಕ್ಕಿತು. 2019ರಲ್ಲಿ ವನ್ಯಜೀವಿಧಾಮ ಆಯಿತು.

ಘೋಷಣೆ ಗುಡ್ಡವನ್ನು ಕಾಯುತ್ತದೆ. ಗುಡ್ಡದ ಕೆಳಗಿನ ಹೊಲದ ಬದು, ಹಳ್ಳದ ದಂಡೆ, ಜಾಲಿ ಕಂಟಿ ಕಾಯಬೇಕಾದವರು ನಾವೇ. ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚಿದ ಬೆಂಕಿಗೆ ಮೊದಲು ಸಿಗೋದು ಓಡಲಾಗದ ಸಣ್ಣ ಜೀವಿಗಳೇ.

ನೆನಪಿಡಿ

* ಕಾಡುಪಾಪ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಹಿಡಿಯೋದು, ಮಾರೋದು, ಕೊಳ್ಳೋದು, ಮನೆಯಲ್ಲಿ ಸಾಕೋದು ಎಲ್ಲ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂ. ದಂಡ.
* ಸಂತೆಯಲ್ಲಿ, ಅಂಗಡಿ ಮುಂದೆ ಯಾರಾದರೂ ಜೀವಂತ ಕಾಡುಪ್ರಾಣಿ ಅಥವಾ ಅದರ ಉಗುರು, ಚರ್ಮ ತಂದರೆ ಕೊಳ್ಳಬೇಡಿ.
* ಬದುವಿನ ಬೇಲಿ ಪೂರ್ತಿ ಕಿತ್ತು ತಂತಿ ಹಾಕುವ ಬದಲು ಸ್ವಲ್ಪ ಕಂಟಿ ಬಿಡಿ.
* ಗಾಯಗೊಂಡ ಕಾಡುಪಾಪ ಕಂಡರೆ ಮುಟ್ಟಬೇಡಿ, ಟಾರ್ಚ್ ಹಿಡಿದು ವಿಡಿಯೋ ಮಾಡಬೇಡಿ, ನಾಯಿ ದೂರ ಓಡಿಸಿ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.