ಪೆಟ್ರೋಲೋ ಡೀಸೆಲ್ಲೋ: ಮದ್ರಾಸಿನ ಒಂದು ಹಳೆಯ ತಲೆನೋವು

ಹೋದ ದೀಪಾವಳಿಗೆ ತಂಗಿಯ ಮಗ ಮನೆಗೆ ಬಂದಿದ್ದ. ಒಂದು ಕೈಯಲ್ಲಿ ಸ್ವೀಟ್ ಬಾಕ್ಸು, ಇನ್ನೊಂದು ಕೈಯಲ್ಲಿ ಎರಡು ಬ್ರೋಷರು. ಕೂರುವ ಮೊದಲೇ ಶುರು ಮಾಡಿದ: "ಮಾವ, ಒಂದು ಪಿಕಪ್ ಗಾಡಿ ತಗೊಳ್ತಾ ಇದ್ದೀನಿ. ಪೆಟ್ರೋಲಾ, ಡೀಸೆಲ್ಲಾ? ನೀವೇ ಹೇಳಿ."

ಅವನದು ಕೇಟರಿಂಗ್ ಕೆಲಸ. ಮನೆ ತಾಂಬರಂನಲ್ಲಿ, ಅಡಿಗೆಮನೆ ವೇಳಚ್ಚೇರಿಯಲ್ಲಿ. ದಿನಾ ಅದೇ ಗಾಡಿಯಲ್ಲಿ ಹೋಗಿ ಬರಬೇಕು, ಮಧ್ಯಾಹ್ನ ನಾಲ್ಕಾರು ಆಫೀಸುಗಳಿಗೆ ಊಟ ಮುಟ್ಟಿಸಬೇಕು. ಮುಹೂರ್ತದ ತಿಂಗಳು ಬಂತೆಂದರೆ ಹಿಂದೆ ಟ್ರೈಲರ್ ಕಟ್ಟಿ ಒಲೆ, ಕೊಪ್ಪರಿಗೆ, ಪಾತ್ರೆಗಳನ್ನು ಕಾಂಚೀಪುರಕ್ಕೋ ಹೊಸೂರಿಗೋ ಎಳೆಯಬೇಕು. ದುಡ್ಡು ಅಂದರೆ ಆರು ವರ್ಷದ ಉಳಿತಾಯ, ಜೊತೆಗೆ ಹೆಂಡತಿಯ ಬಳೆ ಅಡವಿಟ್ಟದ್ದು. ತಮಾಷೆಯ ಮಾತಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಆದರೂ ಈ ಪ್ರಶ್ನೆ ನನಗೆ ಹೊಸದಲ್ಲ. ಐವತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ನಮ್ಮ ಮನೆಯವರು ಪಾಡು ಪಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಆಮೇಲೆ, ನಾಚಿಕೆ ಬಿಟ್ಟು ಹೇಳುವುದಾದರೆ, ಅದೇ ತಪ್ಪನ್ನು ನಾನೂ ಮಾಡಿದೆ! ಆ ಕಥೆಯನ್ನೇ ಅವನಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಮೊದಲು ಅಜ್ಜನ ಕಾಲದ ಮಾತು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಪೆಟ್ರೋಲಿಗೆ ರೇಷನ್ ಬಂತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಬಸ್ಸುಗಳ ಬೆನ್ನಿಗೆ ಹಂಡೆಯಂಥ ಒಂದು ಉರುಳೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬರುವ ಗ್ಯಾಸನ್ನು ಇಂಜಿನ್ನಿಗೆ ಬಿಡುತ್ತಿದ್ದರು. ಹೊರಡುವ ಮೊದಲು ಕ್ಲೀನರ್ ಹುಡುಗ ಬೆಂಕಿ ಎಬ್ಬಿಸಿ ಕಾಯಬೇಕು. ಪೆಟ್ರೋಲಿನಲ್ಲಿ ಇದ್ದ ಶಕ್ತಿ ಇದ್ದಿಲಿನ ಗ್ಯಾಸಿನಲ್ಲಿ ಎಲ್ಲಿಂದ ಬರಬೇಕು? ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳುವುದು! ಕುಂದಾಪುರದ ಕಡೆಯಿಂದ ಮಂಗಳೂರಿಗೆ ಟಿಕೆಟ್ ಕೊಂಡು, ಅರ್ಧ ದಾರಿ ನಡೆದೇ ಹೋದೆ ಎಂದು ಅಜ್ಜ ನಗುತ್ತಿದ್ದರು. ಆಗ ಯಾವ ಇಂಜಿನ್ ಒಳ್ಳೆಯದು ಎಂದು ಕೇಳುವವರಿರಲಿಲ್ಲ. ಸಿಕ್ಕಿದ್ದನ್ನು ಉರಿಸುವುದು, ಅಷ್ಟೇ.

ಯುದ್ಧ ಮುಗಿದ ಮೇಲೆ ಮದ್ರಾಸಿನ ದಿನ ಬಂತು. ಎಣ್ಣೂರಿನಲ್ಲಿ 1948ರಲ್ಲಿ ಅಶೋಕ್ ಮೋಟಾರ್ಸ್ ಶುರುವಾಯಿತು. ಮೊದಲು ಜೋಡಿಸಿದ್ದು ಆಸ್ಟಿನ್ ಕಾರು, ಅದು ಪೆಟ್ರೋಲಿನದು. ಆಮೇಲೆ ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿ ಕೈಜೋಡಿಸಿ, 1955ಕ್ಕೆ ಹೆಸರು ಅಶೋಕ್ ಲೇಲ್ಯಾಂಡ್ ಆಯಿತು. ಕಾರು ಬಿಟ್ಟು ಡೀಸೆಲ್ ಲಾರಿ, ಬಸ್ಸಿನ ಕಡೆ ಹೊರಳಿತು. ಇತ್ತ ಮೌಂಟ್ ರೋಡಿನ ಸಿಂಪ್ಸನ್ ಕಂಪನಿ ಇದೆಯಲ್ಲ, ಅದು 1840ರಲ್ಲಿ ಕುದುರೆ ಸಾರೋಟು ಕಟ್ಟಲು ಹುಟ್ಟಿದ್ದು. 1950ರ ದಶಕದಲ್ಲಿ ಅದೂ ಇಂಗ್ಲೆಂಡಿನ ಪರ್ಕಿನ್ಸ್ ಜೊತೆ ಸೇರಿ ಡೀಸೆಲ್ ಇಂಜಿನ್ ಮಾಡತೊಡಗಿತು. ಹಳೆಯ ಪೆಟ್ರೋಲ್ ಲಾರಿಗಳ ಇಂಜಿನ್ ಕಿತ್ತು ಪರ್ಕಿನ್ಸ್ ಕೂರಿಸುವುದು ಆಗಿನ ಕಾಲದ ದೊಡ್ಡ ದಂಧೆ. ಅಂದರೆ ದೇಶಕ್ಕೆ ಡೀಸೆಲ್ ರೂಢಿ ಮಾಡಿಸಿದ ಊರುಗಳಲ್ಲಿ ನಮ್ಮ ಮದ್ರಾಸಿಗೂ ದೊಡ್ಡ ಪಾಲಿದೆ.

ಅಂದ ಹಾಗೆ, ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವ ಮೊದಲು ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ತನ್ನ ಇಂಜಿನ್ ಓಡಿಸಿ ತೋರಿಸಿದ. ಪೆಟ್ರೋಲ್ ಇಂಜಿನ್ ಗಾಳಿ ಮತ್ತು ಪೆಟ್ರೋಲನ್ನು ಸುಮಾರು ಹತ್ತು ಪಟ್ಟು ಅದುಮಿ, ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಇಂಜಿನ್ನಿಗೆ ಪ್ಲಗ್ಗೇ ಬೇಡ. ಬರೀ ಗಾಳಿಯನ್ನು ಹದಿನಾರು, ಇಪ್ಪತ್ತು ಪಟ್ಟು ಅದುಮಿದರೆ ಅದು ಕಾದು ಕೆಂಡವಾಗುತ್ತದೆ. ಅದರೊಳಗೆ ಡೀಸೆಲ್ ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಡೆಯಬೇಕಾದ್ದರಿಂದ ಇಂಜಿನ್ ಭಾರ, ಬೆಲೆ ಜಾಸ್ತಿ, ಸದ್ದೂ ಜಾಸ್ತಿ. ಬದಲಿಗೆ ಅದೇ ಲೀಟರಿಗೆ ಹೆಚ್ಚು ದೂರ, ಮತ್ತು ನಿಧಾನವಾಗಿ ತಿರುಗುವಾಗಲೇ ಭಾರ ಎಳೆಯುವ ಕಸುವು. ಕುದುರೆಗೂ ಎತ್ತಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಹೊಲ ಉಳುವ ಟ್ರಾಕ್ಟರುಗಳೆಲ್ಲ ಡೀಸೆಲ್ ಕುಡಿಯುವುದು ಸುಮ್ಮನೆ ಅಲ್ಲ.

ಈಗ ಸೋದರಮಾವನ ಕಥೆ. ನಾನು 1972ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮದ್ರಾಸಿಗೆ ಬಂದವನು. ಮಾವನ ಹೋಟೆಲು ಟ್ರಿಪ್ಲಿಕೇನಿನಲ್ಲಿ. ಅವರ ಹತ್ತಿರ ಮಿಲಿಟರಿ ಹರಾಜಿನಿಂದ ಬಂದ ಒಂದು ಹಳೆಯ ಪೆಟ್ರೋಲ್ ಜೀಪು, ಅದಕ್ಕೊಂದು ಟ್ರೈಲರು. ಬೆಳಗಿನ ಜಾವ ನಾಲ್ಕಕ್ಕೆ ಕೊತ್ತವಾಲ್ ಚಾವಡಿಗೆ ತರಕಾರಿ ತರಲು ಹೋಗುವುದು (ಮಾರ್ಕೆಟ್ಟು ಕೋಯಂಬೇಡಿಗೆ ಹೋದದ್ದು 1996ರಲ್ಲಿ), ಹಬ್ಬ ಮದುವೆಗಳಿಗೆ ಟ್ರೈಲರಿನಲ್ಲಿ ಅಡಿಗೆ ಸಾಗಿಸುವುದು. ಲೀಟರಿಗೆ ಏಳೆಂಟು ಕಿಲೋಮೀಟರು ಕೊಟ್ಟರೆ ಪುಣ್ಯ, ಟ್ರೈಲರ್ ಕಟ್ಟಿದರೆ ಐದು. ಆದರೂ ಗಾಡಿ ಚುರುಕು. ಒಂದು ಕಿಕ್ಕಿಗೆ ಎದ್ದು ಕೂರುತ್ತಿತ್ತು.

1973ರ ಜುಲೈಯಲ್ಲಿ ಮೌಂಟ್ ರೋಡಿನ ಜೆಮಿನಿ ಫ್ಲೈಓವರ್ ತೆರೆದರು. ಊರಿನ ಮೊದಲ ಫ್ಲೈಓವರು. ಘಟ್ಟವೇ ಇಲ್ಲದ ಮದ್ರಾಸಿಗೆ ಸರ್ಕಾರವೇ ಒಂದು ಘಟ್ಟ ಕಟ್ಟಿಸಿಕೊಟ್ಟಿತು ಎಂದು ಮಾವ ಹೇಳುತ್ತಿದ್ದರು. ಸಾಂಬಾರು ತುಂಬಿದ ಟ್ರೈಲರ್ ಎಳೆದುಕೊಂಡು ಅದನ್ನು ಹತ್ತುವಾಗ ಜೀಪು ಕಿರುಚುತ್ತಿತ್ತು, ಆದರೂ ಹತ್ತುತ್ತಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ. ಕಚ್ಚಾ ತೈಲ ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ನವೆಂಬರಿನಲ್ಲಿ ನಮ್ಮಲ್ಲೂ ಪೆಟ್ರೋಲ್ ಬೆಲೆ ಜಿಗಿಯಿತು. ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿ ಪ್ರತಿಭಟಿಸಿದ್ದು ಆಗಲೇ. ಡೀಸೆಲ್ ಮಾತ್ರ ಅಗ್ಗವಾಗಿಯೇ ಉಳಿಯಿತು. ಲಾರಿ, ಬಸ್ಸು, ರೈತನ ಪಂಪ್‌ಸೆಟ್ಟು ಅದರಲ್ಲಿ ಓಡುತ್ತವೆ, ಪೆಟ್ರೋಲು ಕಾರಿನವರ ಸೊತ್ತು ಎಂಬುದು ಸರ್ಕಾರದ ಲೆಕ್ಕ. ಹೀಗೆ ಒಂದೇ ಬಂಕಿನಲ್ಲಿ ಎರಡು ಪಂಪು, ಎರಡು ಲೋಕ.

ಮಾವ ಬಂಕಿನ ಬೋರ್ಡು ನೋಡಿದರು, ನಿರ್ಧಾರ ಮಾಡಿದರು. ಹಳೆಯ ಗಾಡಿಗಳ ಕೈಕಾಲು ಬಿಚ್ಚಿ ಮಾರುವ ಪುದುಪೇಟೆಗೆ ಹೋಗಿ, ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಇಂಜಿನ್ ತಂದು ಜೀಪಿಗೆ ಕೂರಿಸಿಬಿಟ್ಟರು. ಆಗ ಊರಿಗೆ ಊರೇ ಇದನ್ನು ಮಾಡುತ್ತಿತ್ತು. ಮೊದಲ ತಿಂಗಳು ಖುಷಿಯೋ ಖುಷಿ. ಎಣ್ಣೆಯ ಖರ್ಚು ಅರ್ಧಕ್ಕಿಂತ ಕೆಳಗೆ. ಜೆಮಿನಿ ಫ್ಲೈಓವರನ್ನು ಉಸಿರು ಬಿಡದೆ ಹತ್ತಿತು.

ಆದರೆ ಜೀಪಿನ ಮೈ ಪೆಟ್ರೋಲ್ ಇಂಜಿನ್ನಿಗೆ ಅಂತ ಹುಟ್ಟಿದ್ದು. ಭಾರದ ಇಂಜಿನ್ ಬಂದು ಕೂತದ್ದರಿಂದ ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದವು. ಅದುರುವಿಕೆಗೆ ನಟ್ಟು ಬೋಲ್ಟು ಸಡಿಲ. ಮುಖ್ಯವಾಗಿ ಗೇರ್‌ಬಾಕ್ಸು. ಅದು ವೇಗವಾಗಿ ತಿರುಗುವ, ಮೆತ್ತಗೆ ಎಳೆಯುವ ಇಂಜಿನ್ನಿಗೆ ಮಾಡಿದ್ದು. ಈಗ ಡೀಸೆಲಿನ ಒರಟು ಎಳೆತ, ಹಿಂದೆ ಟ್ರೈಲರಿನ ಭಾರ, ನಡುವೆ ಸಿಕ್ಕಿದ ಹಲ್ಲುಚಕ್ರ ಎಷ್ಟು ದಿನ ತಡೆದೀತು?

1976ರ ಒಂದು ಮುಹೂರ್ತದ ದಿನ ಸೈದಾಪೇಟೆಯ ಸೇತುವೆಯ ಹತ್ತಿರ ಕಟಕ್ ಅಂದಿತು. ಟ್ರೈಲರಿನಲ್ಲಿ ಮುನ್ನೂರು ಜನರ ಊಟ. ನಾನೂ ಇನ್ನಿಬ್ಬರು ಹುಡುಗರೂ ಸೈಕಲ್ ರಿಕ್ಷಾಗಳಲ್ಲಿ ಸಾರು, ಅನ್ನ, ಪಾಯಸ ಇಟ್ಟುಕೊಂಡು ಒಡ್ಡಾಡಿದೆವು. ಕೊನೆಯ ಪಂಕ್ತಿ ಎದ್ದದ್ದು ಸಂಜೆ ನಾಲ್ಕಕ್ಕೆ. ಹುಡುಗಿಯ ಅಪ್ಪ ಬೈಯಲಿಲ್ಲ, ಲೆಕ್ಕ ಚುಕ್ತಾ ಮಾಡಿ ಕೈ ಮುಗಿದರು. ಆ ಮನೆಯಿಂದಾಗಲೀ ಅವರ ನೆಂಟರಿಂದಾಗಲೀ ಮತ್ತೆ ಮಾವನಿಗೆ ಒಂದು ಆರ್ಡರೂ ಬರಲಿಲ್ಲ. ಮಾವ ಅಂದು ರಾತ್ರಿ ಊಟ ಮಾಡಲಿಲ್ಲ. "ಎರಡು ವರ್ಷ ಉಳಿಸಿದ್ದು ಒಂದೇ ದಿನ ಹೋಯ್ತು ಮಾರಾಯ" ಅಂದರು.

ಇದರಿಂದ ನಾನು ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ.

ಮುಂದಿನ ದಶಕಗಳಲ್ಲಿ ಬೆಲೆಯ ಅಂತರವೇ ಎಲ್ಲರನ್ನೂ ಆಳಿತು. 1980ರ ಆಸುಪಾಸಿಗೆ ಡೀಸೆಲ್ ಅಂಬಾಸಿಡರ್ ಬಂತು. 2005ರಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರಿನ ಪುಟ್ಟ ಡೀಸೆಲ್ ಇಂಜಿನ್, ಮುಕ್ಕಾಲು ಟನ್ ಹೊರುವ ತಾಕತ್ತು. ಚೆನ್ನೈಯವರು ಅದಕ್ಕೆ 'ಕುಟ್ಟಿ ಯಾನೈ' ಎಂದು ಹೆಸರಿಟ್ಟರು, ಮರಿ ಆನೆ! ತಳ್ಳುಗಾಡಿ, ಮೀನುಬಂಡಿಗಳ ಕೆಲಸವನ್ನೆಲ್ಲ ಅದು ಕಿತ್ತುಕೊಂಡಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನವರು ನಮ್ಮ ಗಡಿಯ ಪಕ್ಕದ ಹೊಸೂರಿನಿಂದ 'ದೋಸ್ತ್' ಬಿಟ್ಟರು, ಅದೂ ಡೀಸೆಲ್ಲೇ. ಹೊರೆ ಹೊರುವವರಿಗೆ ಇದು ಸರಿಯಾದದ್ದೇ. ತಪ್ಪಾದದ್ದು ನನ್ನಂಥವರಿಂದ.

ಪೆಟ್ರೋಲ್ ಬೆಲೆಯ ಮೇಲಿನ ಹಿಡಿತವನ್ನು ಸರ್ಕಾರ 2010ರ ಜೂನ್‌ನಲ್ಲಿ ಬಿಟ್ಟಿತು, ಡೀಸೆಲಿನದನ್ನು ಬಿಡಲಿಲ್ಲ. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ಕ್ಕೂ ಕಡಿಮೆ. ಚೆನ್ನೈನಲ್ಲೂ ಅಂಥದೇ ಅಂತರ. ನಾನು ಮಾವನ ಹಾಗೆಯೇ ಬೋರ್ಡು ನೋಡಿದೆ, ಹೋಗಿ ಡೀಸೆಲ್ ಕಾರು ಬುಕ್ ಮಾಡಿದೆ. ಪೆಟ್ರೋಲ್ ಮಾಡೆಲಿಗಿಂತ ಒಂದು ಲಕ್ಷ ಇಪ್ಪತ್ತು ಸಾವಿರ ಹೆಚ್ಚು.

ನನ್ನ ಓಡಾಟ ಎಷ್ಟು? ನಂಗನಲ್ಲೂರಿನಿಂದ ಆಫೀಸಿಗೆ 9 ಕಿಲೋಮೀಟರು. ಹೋಗಿ ಬರಲು 18, ವರ್ಷಕ್ಕೆ 250 ದಿನ, ಒಟ್ಟು 4,500. ಪೆಟ್ರೋಲಿನಲ್ಲಾದರೆ 300 ಲೀಟರು, ಡೀಸೆಲಿನಲ್ಲಿ 250. ಗುಣಿಸಿ ನೋಡಿದರೆ ವರ್ಷಕ್ಕೆ ಹನ್ನೆರಡು ಸಾವಿರ ಉಳಿತಾಯ. ಅಂದರೆ ಹೆಚ್ಚು ಕೊಟ್ಟ ಹಣ ವಾಪಸ್ ಬರಲು ಹತ್ತು ವರ್ಷ! ಈ ಲೆಕ್ಕವನ್ನು ನಾನು ಮಾಡಿದ್ದು ಕಾರು ಕೊಂಡ ಮೇಲೆ. (ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಜೀವನ ಸವೆಸಿದವನು ಬೇರೆ.)

ಆ ಹತ್ತು ವರ್ಷವೂ ಸಿಗಲಿಲ್ಲ. 2013ರ ಜನವರಿಯಿಂದ ಡೀಸೆಲ್ ಬೆಲೆ ಸ್ವಲ್ಪ ಸ್ವಲ್ಪವಾಗಿ ಏರಿತು. 2014ರ ಅಕ್ಟೋಬರಿನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. ಅಂತರ ಕರಗಿತು. 2024ರ ಮಾರ್ಚಿನಲ್ಲಿ ಚೆನ್ನೈನಲ್ಲಿ ಪೆಟ್ರೋಲ್ 100 ರೂಪಾಯಿಯ ಮೇಲೆ ಚೂರು, ಡೀಸೆಲ್ 92ರ ಮೇಲೆ ಚೂರು. ಮೂವತ್ತಿದ್ದದ್ದು ಎಂಟಾಗಿತ್ತು.

ನಡುವೆ ಇನ್ನೆರಡು ಸಂಗತಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾರಿದ್ದು 2012ರ ಜೂನ್‌ನಲ್ಲಿ, ನಾನು ಕಾರು ಕೊಂಡ ವರ್ಷವೇ. ಆಮೇಲೆ 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ. ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಅನೇಕ ಡೀಸೆಲ್ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಹಿಡಿದ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೈವೇಯಲ್ಲಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಬರೀ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕುಂಟುವ ಗಾಡಿಗೆ ಅದು ಕಟ್ಟಿಕೊಂಡು ಕೂರುತ್ತದೆ. ಮಾರುತಿಯವರು 2020ರಿಂದ ಡೀಸೆಲ್ ಕಾರನ್ನೇ ನಿಲ್ಲಿಸಿದರು. ಹುಟ್ಟಿನಿಂದ ಡೀಸೆಲ್ ಕುಡಿದ ಕುಟ್ಟಿ ಯಾನೈ ಕೂಡ ಬಿಎಸ್-6 ಕಾಲದಲ್ಲಿ ಪೆಟ್ರೋಲಿನ ಮಾಡೆಲಿನಲ್ಲಿ ಬಂತು.

ಮಗಳು ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆ. ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ, ಡೀಸೆಲ್ ಸಾಮಾನ್ಯವಾಗಿ ಅದಕ್ಕಿಂತ ದುಬಾರಿ. ಡೀಸೆಲ್ ಇಂಜಿನ್ನಿನ ದೊಡ್ಡ ಪಿಕಪ್ಪಿಗೆ ಸಾವಿರಾರು ಡಾಲರ್ ಜಾಸ್ತಿ. ಆದರೂ ಕುದುರೆ ಟ್ರೈಲರ್, ದೊಡ್ಡ ದೋಣಿ ಎಳೆಯುವವರು ಅದನ್ನೇ ಕೊಳ್ಳುತ್ತಾರಂತೆ, ಆಫೀಸಿಗೆ ಹೋಗುವವರು ಗ್ಯಾಸಿನದನ್ನು. ಅಗ್ಗದ ಆಸೆ ಇಲ್ಲದ ಕಡೆ ಜನ ಕೆಲಸ ನೋಡಿ ಇಂಜಿನ್ ಆರಿಸುತ್ತಾರೆ. ನಾವು ನಲವತ್ತು ವರ್ಷ ಸರ್ಕಾರದ ಬೆಲೆ ನೋಡಿ ಆರಿಸಿದೆವು, ಅದನ್ನೇ ಇಂಜಿನ್ನಿನ ಗುಣ ಎಂದುಕೊಂಡೆವು. ಇಂಜಿನ್ನಿನ ಗುಣ ರುಡಾಲ್ಫ್ ಡೀಸೆಲ್ ಕಾಲದಿಂದ ಅದೇ ಇದೆ, ಬೆಲೆ ಮಾತ್ರ ದಿಲ್ಲಿಯಲ್ಲಿ ಬದಲಾಗುತ್ತದೆ.

ಅಳಿಯನಿಗೆ ನಾನು ಉತ್ತರ ಹೇಳಲಿಲ್ಲ. ಒಂದು ನೋಟ್‌ಬುಕ್ ಕೊಟ್ಟೆ. "ಒಂದು ತಿಂಗಳು ಬಾಡಿಗೆ ಗಾಡಿಯಲ್ಲೇ ಓಡಿಸು. ದಿನಾ ಎಷ್ಟು ಕಿಲೋಮೀಟರು, ಎಷ್ಟು ಭಾರ, ಟ್ರೈಲರ್ ಕಟ್ಟಿದೆಯೋ ಇಲ್ಲವೋ, ಬರೆದಿಡು. ಟ್ರೈಲರಿಗೂ ಬೇರೆ ರಿಜಿಸ್ಟ್ರೇಷನ್ ಬೇಕು, ಅದರ ಖರ್ಚನ್ನೂ ಬರಿ" ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ.

ತಿಂಗಳು ಕಳೆದು ಬಂದ. ಇಪ್ಪತ್ತಾರು ದಿನ ನಲವತ್ತು ಕಿಲೋಮೀಟರಿನೊಳಗೆ, ಆರುನೂರು ಕೆಜಿ ಒಳಗೆ, ಎಲ್ಲ ಊರೊಳಗಿನ ಓಡಾಟ. ನಾಲ್ಕು ದಿನ ಮಾತ್ರ ಟ್ರೈಲರ್. "ಮಾವ, ನಾಲ್ಕು ದಿನದ ಆನೆಗೆ ತಿಂಗಳಿಡೀ ಮೇವು ಹಾಕೋದ್ಯಾಕೆ?" ಅಂದ. ಸಣ್ಣ ಪೆಟ್ರೋಲ್ ಗಾಡಿ ಕೊಂಡ, ಮದುವೆ ದಿನಗಳಿಗೆ ದೊಡ್ಡ ಡೀಸೆಲ್ ಪಿಕಪ್ಪನ್ನು ಡ್ರೈವರ್ ಸಮೇತ ಬಾಡಿಗೆಗೆ ಗೊತ್ತು ಮಾಡಿದ. ಲೆಕ್ಕ ತಿರುಗಾಮುರುಗ ಆಗಿದ್ದರೆ, ಅಂದರೆ ಇಪ್ಪತ್ತು ದಿನ ಟ್ರೈಲರ್ ಎಳೆಯುವುದಿದ್ದರೆ, ಡೀಸೆಲ್ಲೇ ತಗೋ ಎಂದು ನಾನೇ ಹೇಳುತ್ತಿದ್ದೆ.

ಮೊನ್ನೆ ಆ ಹೊಸ ಗಾಡಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋದ. ಸೈದಾಪೇಟೆ ಸೇತುವೆ ಬಂದಾಗ ನಾನು ಅಭ್ಯಾಸಬಲದಿಂದ ಗೇರ್‌ಬಾಕ್ಸಿನ ಸದ್ದಿಗೆ ಕಿವಿಗೊಟ್ಟೆ. "ಏನು ಮಾವ?" ಅಂದ. ಏನಿಲ್ಲ ಅಂದೆ. ಹಿಂದೆ ಸಾರಿನ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಹನ್ನೆರಡೂವರೆಗೆ ಊಟ ಮುಟ್ಟಿತು.