ಎಳೆಯ ಶಿಕಾರಿಯ ಕೈಗೆ ಯಾವ ತೋಟಾ?

ಹೊಸದಾಗಿ ಬೇಟೆಗಿಳಿದ ಹುಡುಗನಿಗೆ ಬಹುದೂರದ ಗುರಿಗೆ ಯಾವ ರೈಫಲ್ಲು, ಯಾವ ತೋಟಾ ಸೂಕ್ತವೆಂಬ ಚರ್ಚೆ ಅಮೆರಿಕದ ಶಿಕಾರಿ ಪತ್ರಿಕೆಗಳಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಬಯಲು ನಾಡಿನ ಅವರಿಗೆ ಮುನ್ನೂರು ಗಜವೆಂಬುದು ದೊಡ್ಡ ದೂರವಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡನ್ನು ಬಲ್ಲವರಿಗೆ ಈ ಚರ್ಚೆ ಪರಲೋಕದ ಮಾತಿನಂತೆ ಕೇಳುತ್ತದೆ. ಇಲ್ಲಿನ ಹಳುವಿನಲ್ಲಿ ಮೂವತ್ತು ಗಜದಾಚೆ ಹಂದಿಯ ಬೆನ್ನು ಕಂಡರೆ ಅದೇ ಹೆಚ್ಚು. ಆದರೂ ಪ್ರಶ್ನೆ ನಮ್ಮ ಹಿರಿಯರಿಗೂ ಇತ್ತು. ಅವರು ಕಂಡುಕೊಂಡ ಉತ್ತರ ಮಾತ್ರ ತಿರುವುಮುರುವಾಗಿತ್ತು: ಎಳೆಯನ ಕೋವಿಯಿಂದ ಹೊರಟದ್ದು ಬಹುದೂರ ಹೋಗಬಾರದು.

ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936) ಓದಿದವರಿಗೆ ಆ ಕಾಲದ ಬೇಟೆಯ ಲೋಕ ಅಪರಿಚಿತವಲ್ಲ. ಅಂದು ಸಾಮಾನ್ಯ ಒಕ್ಕಲಿನ ಮನೆಯಲ್ಲಿದ್ದುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ ಸುರಿದು, ನಾರಿನ ಉಂಡೆಯಿಟ್ಟು, ಗಜದಿಂದ ಜಡಿದು (ಇದು ಅಳತೆಯ ಗಜವಲ್ಲ, ಕಬ್ಬಿಣದ ಸಲಾಕೆ), ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ಉಂಡೆ ಜಡಿದು, ಕಡೆಗೆ ಕೇಪು ಇಡಬೇಕು. ಈಡು ತಪ್ಪಿದರೆ ಎರಡನೆಯದಕ್ಕೆ ಪ್ರಾಣಿ ಕಾಯುವುದಿಲ್ಲ. ಮಸಿಯ ಅಳತೆ ಮೀರಿದರೆ ನಳಿಗೆಯೇ ಸಿಡಿದು ಕೈಬೆರಳು ಹೋಗುವ ಭಯ ಬೇರೆ.

ಅನುಕೂಲಸ್ಥರ ಮನೆಗೆ ತೋಟಾ ಕೋವಿ ಬಂತು. ಹೆಚ್ಚಿನವು ಹನ್ನೆರಡು ಬೋರಿನವು. ಒಂದು ಪೌಂಡು ಸೀಸದಲ್ಲಿ ಸಮತೂಕದ ಹನ್ನೆರಡು ಗುಂಡು ಎರಕ ಹೊಯ್ದರೆ ಒಂದೊಂದರ ವ್ಯಾಸ ಎಷ್ಟೋ ಅದೇ ನಳಿಗೆಯ ವ್ಯಾಸ, ಸುಮಾರು 18.5 ಮಿಲಿಮೀಟರ್. ಹೀಗಾಗಿ ಹದಿನಾರು ಬೋರೆಂದರೆ ಹನ್ನೆರಡಕ್ಕಿಂತ ಸಣ್ಣದು. ಗೋಳದ ಘನಫಲ ಕಲಿಸುವಾಗ ನಾನು ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ಅಂದು ಮಾತ್ರ ನನಗಿಂತ ಮುಂದಿರುತ್ತಿದ್ದರು!

ಚರೆಯ ಲೆಕ್ಕವೂ ಅಷ್ಟೇ ಸ್ವಾರಸ್ಯದ್ದು. ಇಂಗ್ಲಿಷರ ಅಳತೆಯಲ್ಲಿ ಒಂದು ಔನ್ಸಿಗೆ ಆರನೇ ನಂಬರಿನ ಚರೆ 270, ಎಸ್.ಜಿ. 8, ಎಲ್.ಜಿ. ಆರೇ ಆರು. ನಂಬರಿನ ಸಣ್ಣ ಚರೆ ಕಾಡುಕೋಳಿಗೆ, ಮೊಲಕ್ಕೆ, ಎಲ್.ಜಿ. ಹಂದಿಗೆ. ನಾನು ಕಂಡ ಮನೆಗಳಲ್ಲಿ ಎಳೆಯನಿಗೆ ಮೊದಲು ಸಿಗುತ್ತಿದ್ದುದು ಒಂಟಿನಳಿಗೆ ಕೋವಿ, ಆರನೇ ನಂಬರಿನ ಒಂದೇ ತೋಟಾ. ಅದರ ಕೆಲಸ ನಲವತ್ತು ಗಜಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲು ಒಂದೆರಡು ಮಳೆಗಾಲ ಬರಿಗೈಯಲ್ಲಿ ಹಳು ಸೋವುವವರ ಜೊತೆ ಕೂಗುತ್ತ ನಡೆದಿರಬೇಕು.

ಈ ಕಟ್ಟಳೆಯ ಮರ್ಮ ಇರುವುದು ಅಲ್ಲಿಯೇ. ನಮ್ಮದು ಗುಂಪುಬೇಟೆ. ಪ್ರಾಣಿ ಹಾಯುವ ಕಂಡಿಗಳಲ್ಲಿ ಕೋವಿಯವರು ಕಾದಿರುತ್ತಾರೆ. ಎದುರುಗಡೆಯಿಂದ ಸೋವುವವರು ಬರುತ್ತಾರೆ. ಕೋವಿಯ ಬಾಯಿಗೂ ಆ ಜನರಿಗೂ ನಡುವೆ ಇರುವುದು ಬರೀ ಎಲೆ. ಕಂಡಿಯಲ್ಲಿ ಕೂರುವವನು ಯಜಮಾನ, ಎದುರಿನಿಂದ ಬರುವವನು ಬಹುಪಾಲು ಅವನ ಆಳು ಎಂಬುದನ್ನೂ ಮರೆಯಬಾರದು. ಅಲುಗಿದ ಪೊದೆಗೆ ಈಡು ಹೊಡೆದು ಮನುಷ್ಯನನ್ನು ಬೀಳಿಸಿದ ದುರಂತಗಳು ಮಲೆನಾಡಿಗೆ ಹೊಸವಲ್ಲ. ಸಣ್ಣ ಚರೆಯ ಕಸುವು ಬೇಗ ಇಳಿಯುತ್ತದೆ. ರೈಫಲ್ಲಿನ ಗುಂಡು ಹಾಗಲ್ಲ. ಆಟಿಕೆಯಂತೆ ಕಾಣುವ .22 ತೋಟಾದ ಡಬ್ಬದ ಮೇಲೂ ಒಂದು ಮೈಲಿಯವರೆಗೆ ಅಪಾಯವೆಂಬ ಎಚ್ಚರಿಕೆ ಇರುತ್ತದೆ. ಸೋವುಬೇಟೆಯಲ್ಲಿ ಹದಿಹರೆಯದವನ ಕೈಗೆ ರೈಫಲ್ಲು ಕೊಡದಿದ್ದುದು ಬಡತನದಿಂದ ಮಾತ್ರ ಎಂದು ನಾನು ನಂಬುವುದಿಲ್ಲ.

ರೈಫಲ್ಲು ಈ ಸೀಮೆಗೆ ಬರಲಿಲ್ಲವೆಂದಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಚೋರಡಿಯ ಹುಲಿಯ ಕಥೆಯನ್ನು ಕೆನೆತ್ ಆಂಡರ್ಸನ್ ಬರೆದಿದ್ದಾನೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಇವನವೇ. ಅವನ ನೆಚ್ಚಿನ ಆಯುಧ .405 ವಿಂಚೆಸ್ಟರ್. 1904ರಲ್ಲಿ ಬಂದ ಈ ತೋಟಾವನ್ನೇ ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದು ಸಿಂಹಗಳನ್ನು ಹೊಡೆದ. ಭುಜಕ್ಕೆ ಅದು ಕೊಡುವ ಒದೆತ ಎಳೆಯರಿಗೆ ತಕ್ಕುದಲ್ಲ. ಆಂಡರ್ಸನ್ನನಾದರೂ ಹುಲಿಗೆ ಕಾದು ಕೂತದ್ದು ಮಚಾನಿನ ಮೇಲೆ. ಕೊಂದ ಪ್ರಾಣಿಯ ಬಳಿಯಿಂದ ಅವನ ಗುರಿಗೆ ಕೆಲವೇ ಗಜ. ಬಹುದೂರದ ಮಾತು ಅಲ್ಲಿಯೂ ಇರಲಿಲ್ಲ.

ಯಾವ ತೋಟಾ ಎಂಬುದನ್ನು ಬೇಟೆಗಾರನಿಗಿಂತ ಹೆಚ್ಚಾಗಿ ಸರ್ಕಾರವೇ ನಿರ್ಧರಿಸಿತು. ಸೈನ್ಯದ ತೋಟಾ ಪ್ರಜೆಗಳ ಕೈಸೇರೀತೆಂಬ ಅಂಜಿಕೆಯಿಂದ ಬ್ರಿಟಿಷರು .450, .303 ಅಳತೆಗಳನ್ನು ನಿರ್ಬಂಧಿಸಿದರು. ಮೊದಲನೆಯದರ ಜಾಗಕ್ಕೆ ಬಂದುದು .470. ಆಸ್ಟ್ರಿಯದ 8 ಮಿಲಿಮೀಟರ್ ಮ್ಯಾನ್ಲಿಕರ್ ತೋಟಾ .315 ಎಂಬ ಹೆಸರಿನಲ್ಲಿ ಭಾರತದ ಸಾಮಾನ್ಯ ಶಿಕಾರಿ ರೈಫಲ್ಲಿಗೆ ಒದಗಿತು. ಸ್ವಾತಂತ್ರ್ಯಾನಂತರ ಸರ್ಕಾರಿ ಕಾರ್ಖಾನೆಗಳು ತಯಾರಿಸಿದ್ದೂ ಇದನ್ನೇ. ನಮ್ಮ ಅಡಕೆ ತೋಟಗಳವರು ಕೊಂಡದ್ದು ಮಾತ್ರ ಖಡ್ಕಿಯ ಶಕ್ತಿಮಾನ್ ಹನ್ನೆರಡು ಬೋರಿನ ತೋಟಾ.

ಆಮೇಲಿನದು ತಿಳಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1991ರ ತಿದ್ದುಪಡಿಗಳಿಂದ ಬೇಟೆ ನಿಂತಿತು. ಕದ್ದು ಹೊಡೆಯುವವರ ಮಾತು ಬೇರೆ. ಅದು ನಿಂತದ್ದು ಒಳ್ಳೆಯದೇ ಆಯಿತೆಂಬುದು ನನ್ನ ಅಭಿಪ್ರಾಯ, ಗದ್ದೆ ಕಳೆದುಕೊಂಡ ನೆಂಟರು ಒಪ್ಪದಿದ್ದರೂ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಕೋವಿ ಹೊಂದಲು 16 ವರ್ಷ ತುಂಬಿದ್ದರೆ ಸಾಕಿತ್ತು. 1983ರಲ್ಲಿ ಅದು 21ಕ್ಕೆ ಏರಿತು. ಕೊಡಗಿನವರಿಗಿರುವ ಪರವಾನಗಿ ವಿನಾಯಿತಿ ನಮಗಿಲ್ಲ. ಇಲ್ಲಿ ಉಳಿದಿರುವುದು ಬೆಳೆ ರಕ್ಷಣೆಯ ಕೋವಿ. ಅದೂ ಚುನಾವಣೆ ಬಂತೆಂದರೆ ಪೊಲೀಸ್ ಠಾಣೆ ಸೇರುತ್ತದೆ. 21 ತುಂಬದ ಹುಡುಗನಿಗೆ ಕಾನೂನು ತೆರೆದಿಟ್ಟ ದಾರಿ ತರಬೇತಿಯ ಅಂಗಳದ್ದು. ಅಲ್ಲಿ ಹಿರಿಯರ ಕಣ್ಣೆದುರಿನಲ್ಲಿ, .22 ತೋಟಾದಲ್ಲಿ, ಐವತ್ತು ಮೀಟರ್ ದೂರದ ಕಾಗದಕ್ಕೆ ಗುರಿಯಿಡಬಹುದು. ನಮ್ಮ ಹಳುವಿನ ಕಂಡಿಗಳಿಗೆ ಹೋಲಿಸಿದರೆ ಅದು ದೂರವೇ.