ದಡದ ಮೇಲೆ ಕಲಿಯಬೇಕಾದ ಕಡಲವಿದ್ಯೆ

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಎಂಬ ಹಡಗು ಅಡ್ಡಲಾಗಿ ಸಿಕ್ಕಿಕೊಂಡದ್ದು ನಿಮಗೆ ನೆನಪಿರಬಹುದು. 400 ಮೀಟರ್ ಉದ್ದದ ಆ ಹಡಗು ಆರು ದಿನ ಕಾಲುವೆಯನ್ನು ಮುಚ್ಚಿತು. ಮರಳುದಂಡೆಗೆ ಮೂತಿ ತಗುಲಿಸಿ ನಿಂತ ಹಡಗನ್ನೂ, ಅದರ ಪಕ್ಕದಲ್ಲಿ ಆಟಿಕೆಯಂತೆ ಕಾಣುತ್ತಿದ್ದ ಮಣ್ಣು ತೋಡುವ ಯಂತ್ರವನ್ನೂ ಎಲ್ಲರೂ ಟೆಲಿವಿಷನ್ ಪರದೆಯ ಮೇಲೆ ನೋಡಿದರು. ಪರದೆಗೆ ಕಾಣದ ಸಂಗತಿಗಳು ಬೇರೆ ಇದ್ದವು. ಹಡಗಿನ ಒಡೆತನ ಜಪಾನಿನ ಸಂಸ್ಥೆಯದು. ನಡೆಸುತ್ತಿದ್ದ ಸಂಸ್ಥೆ ತೈವಾನಿನದು. ಹಾರಿಸಿದ್ದ ಬಾವುಟ ಪನಾಮಾದ್ದು. ತಾಂತ್ರಿಕ ಉಸ್ತುವಾರಿ ಜರ್ಮನ್ ಮೂಲದ ಸಂಸ್ಥೆಯದು. ಹಡಗಿನಲ್ಲಿದ್ದ 25 ಮಂದಿ ಸಿಬ್ಬಂದಿಯಾದರೋ ಎಲ್ಲರೂ ಭಾರತೀಯರು. ಹಡಗು ಮರಳಿನಿಂದ ಬಿಡಿಸಿಕೊಂಡ ಮೇಲೂ ಪರಿಹಾರದ ಒಪ್ಪಂದವಾಗುವವರೆಗೆ, ಅಂದರೆ ಜುಲೈ 7ರವರೆಗೆ, ಈಜಿಪ್ಟ್ ಅದನ್ನು ಹೊರಡಗೊಡಲಿಲ್ಲ. ಪಾರು ಮಾಡಿದ ಖರ್ಚಿನಲ್ಲಿ ಸರಕಿನ ಮಾಲೀಕರೂ ಪಾಲು ಹೊರಬೇಕೆಂದು ಘೋಷಣೆಯಾಯಿತು. ‘ಜನರಲ್ ಆವರೇಜ್’ ಎಂಬ ಬಹು ಹಳೆಯ ಕಡಲ ನಿಯಮ ಅದು.

ಹಾಗಾದರೆ ಹಡಗನ್ನು ನಿಜವಾಗಿ ನಡೆಸುವವರು ಯಾರು? ಚುಕ್ಕಾಣಿ ಹಿಡಿದವರೇ, ಅಥವಾ ದಡದ ಮೇಲೆ ಕುಳಿತು ಬಾಡಿಗೆ, ವಿಮೆ, ಕರಾರು, ಕಾನೂನುಗಳನ್ನು ನೋಡಿಕೊಳ್ಳುವವರೇ? ಅರ್ಧ ಗಂಟೆಯ ಮಾತುಕತೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆಗೆ ಸಿಗುವುದು ಎರಡು ನಿಮಿಷ. ಅಲ್ಲಿ ಹೇಳಲಾಗದ್ದನ್ನು ಓದುಗರಾದ ನಿಮ್ಮ ಮುಂದೆ ಇಲ್ಲಿ ಸ್ವಲ್ಪ ವಿವರವಾಗಿ ಇಡುತ್ತೇನೆ. ಏಕೆಂದರೆ ಈ ಎರಡನೆಯ ವಿದ್ಯೆ ವಿಶ್ವವಿದ್ಯಾಲಯದ ಪಾಠವಾದದ್ದು ತೀರ ಈಚಿನ ಸಂಗತಿ.

ಮೊದಲು ಹಡಗಿನ ವಿದ್ಯೆಯನ್ನು ಹಡಗಿನಲ್ಲೇ ಕಲಿಯುತ್ತಿದ್ದರು. ನ್ಯೂಯಾರ್ಕಿನಲ್ಲಿ 1874ರಲ್ಲಿ ಸ್ಥಾಪನೆಯಾದ ನೌಕಾಶಾಲೆಗೆ ಕಟ್ಟಡವೇ ಇರಲಿಲ್ಲ. ‘ಸೇಂಟ್ ಮೇರೀಸ್’ ಎಂಬ ಹಾಯಿಹಡಗೇ ಶಾಲೆ. 1938ರಲ್ಲಿ ಅದು ಫೋರ್ಟ್ ಸ್ಕೈಲರ್ ಎಂಬ ಹಳೆಯ ಕೋಟೆಗೆ, ಅಂದರೆ ದಡಕ್ಕೆ, ಬಂದಿತು. ಮುಂದೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಭಾಗವಾಗಿ, ಅಂತರರಾಷ್ಟ್ರೀಯ ಸಾರಿಗೆ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಕೊಡುವ ಸಂಸ್ಥೆಯಾಗಿ ಬೆಳೆಯಿತು. ನಮ್ಮಲ್ಲೂ ಹಾಗೆಯೇ. 1927ರಲ್ಲಿ ಮುಂಬಯಿಯಲ್ಲಿ ಲಂಗರು ಹಾಕಿದ ‘ಡಫರಿನ್’ ತರಬೇತಿ ಹಡಗು ಭಾರತೀಯ ಹುಡುಗರನ್ನು ವ್ಯಾಪಾರಿ ಹಡಗುಗಳ ಅಧಿಕಾರಿಗಳನ್ನಾಗಿ ಮಾಡಲು ಹೊರಟಿತು. ಅದಕ್ಕೆ ಮುಂಚೆ ಬ್ರಿಟಿಷ್ ಹಡಗುಗಳಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದದ್ದು ಖಲಾಸಿಯ ಕೆಲಸ.

ಆದರೆ ಹಡಗು ಇದ್ದರೆ ಸಾಲದು ಎಂಬುದನ್ನು ಭಾರತ ಅಷ್ಟರಲ್ಲಿ ಕಹಿಯಾಗಿಯೇ ಕಲಿತಿತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ರಾಷ್ಟ್ರೀಯ ಕಡಲ ದಿನವೆಂದು ಆಚರಿಸುತ್ತೇವೆ. ವಾಲ್‌ಚಂದ್ ಹೀರಾಚಂದರಂಥ ಸಾಹಸಿಗಳು ಹಿಂದೆ ನಿಂತಿದ್ದರೂ, ಬ್ರಿಟಿಷ್ ಕಂಪನಿಗಳು ಬಾಡಿಗೆ ದರವನ್ನು ಇಳಿಸಿ ಇಳಿಸಿ ಹೊಸಬರ ಉಸಿರು ಕಟ್ಟಿಸಿದವು. 1923ರ ಒಪ್ಪಂದದ ಪ್ರಕಾರ ಸಿಂಧಿಯಾ ಕರಾವಳಿಯ ವ್ಯಾಪಾರಕ್ಕೆ ಸೀಮಿತವಾಗಿ ಇರಬೇಕಾಯಿತು. ಸಮುದ್ರದ ಅಲೆಗಳಿಗೆ ಬಗ್ಗದ ಹಡಗು ಕಾಗದದ ಮೇಲಿನ ದರಪಟ್ಟಿಗೆ ಬಗ್ಗಿತು.

ಈ ದಡದ ವಿದ್ಯೆಯನ್ನು ಆಗ ಸಾಮಾನ್ಯವಾಗಿ ತರಗತಿಯಲ್ಲಿ ಹೇಳಿಕೊಡುತ್ತಿರಲಿಲ್ಲ. ಲಂಡನ್ನಿನ ಹಡಗು ಕಚೇರಿಗಳಲ್ಲಿ ಗುಮಾಸ್ತನಾಗಿ ಸೇರಿ, ಹಿರಿಯರ ಮಗ್ಗುಲಲ್ಲಿ ಕುಳಿತು, ಕರಾರುಪತ್ರಗಳನ್ನು ನಕಲು ಮಾಡುತ್ತ ಕಲಿಯಬೇಕು. ಹಡಗುಗಳ ಮನೆತನವಿಲ್ಲದ ದೇಶದವನಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಪರಿಸ್ಥಿತಿ ಬದಲಾಗಲು ಒಂದು ಕಬ್ಬಿಣದ ಪೆಟ್ಟಿಗೆ ಕಾರಣವಾಯಿತು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನು ಇಟ್ಟು ನ್ಯೂಆರ್ಕ್‌ನಿಂದ ಹೂಸ್ಟನ್‌ಗೆ ಕಳಿಸಿದ. ಬಿಡಿಬಿಡಿಯಾಗಿ ಮೂಟೆ ಹೊತ್ತು ತುಂಬಲು ಟನ್ನಿಗೆ 5 ಡಾಲರಿಗಿಂತ ಹೆಚ್ಚು ಬೀಳುತ್ತಿದ್ದ ಖರ್ಚು ಸುಮಾರು 16 ಸೆಂಟಿಗೆ ಇಳಿಯಿತು. ಹತ್ತೇ ವರ್ಷಗಳಲ್ಲಿ, 1966ರಲ್ಲಿ, ಈ ಪೆಟ್ಟಿಗೆಗಳು ಅಟ್ಲಾಂಟಿಕ್ ದಾಟಿ ರಾಟರ್‌ಡ್ಯಾಮ್ ತಲುಪಿದವು. ಒಂದೇ ಪೆಟ್ಟಿಗೆ ಲಾರಿ, ರೈಲು, ಹಡಗು ಮೂರನ್ನೂ ಏರತೊಡಗಿದಾಗ ಹೊಸ ಪ್ರಶ್ನೆಗಳು ಎದ್ದವು. ಸರಕು ದಾರಿಯಲ್ಲಿ ಕೆಟ್ಟರೆ ಹೊಣೆ ಯಾರದು? ಒಂದು ದೇಶದ ರೈಲು ಕಾನೂನು ಎಲ್ಲಿ ಮುಗಿಯುತ್ತದೆ, ಕಡಲ ಕಾನೂನು ಎಲ್ಲಿ ಶುರುವಾಗುತ್ತದೆ? ಖಾಲಿ ಪೆಟ್ಟಿಗೆಯನ್ನು ವಾಪಸು ತರುವ ಖರ್ಚನ್ನು ಯಾರ ತಲೆಗೆ ಕಟ್ಟಬೇಕು? ಗುಮಾಸ್ತಿಕೆಯ ಅನುಭವವೊಂದೇ ಇದಕ್ಕೆ ಸಾಕಾಗಲಿಲ್ಲ. ಅರ್ಥಶಾಸ್ತ್ರ, ಕಾನೂನು, ಗಣಿತ, ಎಂಜಿನಿಯರಿಂಗ್ ಎಲ್ಲವೂ ಒಂದೇ ಪಠ್ಯಕ್ರಮದೊಳಗೆ ಬರಬೇಕಾಯಿತು.

ಇಲ್ಲಿ ಒಬ್ಬ ಭಾರತೀಯರ ಹೆಸರನ್ನು ಹೇಳಲೇಬೇಕು: ಚಂದ್ರಿಕಾ ಪ್ರಸಾದ್ ಶ್ರೀವಾಸ್ತವ. ಇವರು ನಾವಿಕರಲ್ಲ, ಆಡಳಿತ ಸೇವೆಯ ಅಧಿಕಾರಿ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಅವರ ಕಚೇರಿಯಲ್ಲಿದ್ದವರು. 1961ರಲ್ಲಿ ಹುಟ್ಟಿದ ಭಾರತೀಯ ಹಡಗು ನಿಗಮವನ್ನು ಬೆಳೆಸಿದವರು. 1974ರಿಂದ 1989ರವರೆಗೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಇವರು ಒಂದು ಕೊರತೆಯನ್ನು ಗುರುತಿಸಿದರು. ಹೊಸದಾಗಿ ಸ್ವತಂತ್ರವಾದ ದೇಶಗಳು ಹಡಗು ಕೊಳ್ಳುತ್ತಿದ್ದವು, ಬಂದರು ಕಟ್ಟುತ್ತಿದ್ದವು, ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕುತ್ತಿದ್ದವು. ಆದರೆ ಅವುಗಳನ್ನು ಜಾರಿಗೆ ತರಬಲ್ಲ ತಪಾಸಕರು, ಬಂದರು ವ್ಯವಸ್ಥಾಪಕರು, ಅಧ್ಯಾಪಕರು ಆ ದೇಶಗಳಲ್ಲಿ ಸಾಕಷ್ಟು ಇರಲಿಲ್ಲ. ಇದಕ್ಕೆ ಉತ್ತರವಾಗಿ 1983ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ವಿಶ್ವ ಕಡಲ ವಿಶ್ವವಿದ್ಯಾಲಯ ತೆರೆಯಿತು. ಈಗಾಗಲೇ ಕೆಲಸದಲ್ಲಿದ್ದು ಅನುಭವ ಪಡೆದವರನ್ನು, ಮುಖ್ಯವಾಗಿ ಅಭಿವೃದ್ಧಿಶೀಲ ದೇಶಗಳವರನ್ನು, ಕರೆದು ಸ್ನಾತಕೋತ್ತರ ಪಾಠ ಹೇಳುವುದು ಅದರ ಕ್ರಮ. 160ಕ್ಕೂ ಹೆಚ್ಚು ದೇಶಗಳ 5,000ಕ್ಕೂ ಹೆಚ್ಚು ಮಂದಿ ಅಲ್ಲಿ ಓದಿ ತಮ್ಮ ನಾಡಿಗೆ ಸಲ್ಲುವ ವಿದ್ಯೆ ಪಡೆದಿದ್ದಾರೆ. ಲಂಡನ್ನಿನ ಕಚೇರಿಗಳಲ್ಲಿ ಬಚ್ಚಿಟ್ಟುಕೊಂಡಿದ್ದ ವಿದ್ಯೆ ಹೀಗೆ ಬಯಲಿಗೆ ಬಂದಿತು.

ನಿರ್ವಹಣೆ ಎಂದರೆ ಲಾಭನಷ್ಟದ ಲೆಕ್ಕ ಎಂದು ನೀವು ಭಾವಿಸಿದ್ದರೆ, 1987ರ ಮಾರ್ಚ್ 6ರ ಘಟನೆಯನ್ನು ಗಮನಿಸಿ. ಬೆಲ್ಜಿಯಂನ ಜೀಬ್ರೂಗ ಬಂದರಿನಿಂದ ಇಂಗ್ಲೆಂಡಿನ ಡೋವರ್‌ಗೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಪ್ರಯಾಣಿಕ ಹಡಗಿನ ಮುಂಬಾಗಿಲು ತೆರೆದೇ ಇತ್ತು. ಕಾರು, ಲಾರಿಗಳು ನೇರವಾಗಿ ಒಳಗೆ ಓಡಿಬರುವಂಥ ಹಡಗು ಅದು. ವಾಹನಗಳ ಅಂತಸ್ತು ಅಡ್ಡಗೋಡೆಗಳಿಲ್ಲದ ಬಯಲು. ಅಗಲವಾದ ಹರಿವಾಣದಲ್ಲಿ ಎರಡು ಬೆರಳು ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ಹರಿವಾಣ ಎತ್ತ ವಾಲುತ್ತದೋ ನೀರೆಲ್ಲ ಅತ್ತಲೇ ನುಗ್ಗಿ ಇನ್ನಷ್ಟು ವಾಲಿಸುತ್ತದೆ. ಆ ಅಂತಸ್ತಿಗೆ ನುಗ್ಗಿದ ಸಮುದ್ರದ ನೀರು ಮಾಡಿದ್ದೂ ಅದನ್ನೇ. ಬಂದರು ದಾಟಿ ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿತು. 193 ಮಂದಿ ಸತ್ತರು.

ಬಾಗಿಲು ಮುಚ್ಚಬೇಕಾದ ನೌಕರ ತನ್ನ ಕೋಣೆಯಲ್ಲಿ ನಿದ್ದೆಹೋಗಿದ್ದ. ಹಳೆಯ ಕಾಲವಾಗಿದ್ದರೆ ತನಿಖೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ನ್ಯಾಯಮೂರ್ತಿ ಶೀನ್ ಅವರ ತನಿಖೆ ದಡದ ಕಚೇರಿಯವರೆಗೂ ಹೋಯಿತು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದು ಕ್ಯಾಪ್ಟನ್ ನಿಲ್ಲುವಲ್ಲಿಂದ ಕಾಣುತ್ತಿರಲಿಲ್ಲ. ಅದನ್ನು ತೋರಿಸುವ ಒಂದು ದೀಪ ಬೇಕೆಂದು ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ಆಡಳಿತದವರು ಆ ಕೋರಿಕೆಯನ್ನು ಹಗುರವಾಗಿ ತಳ್ಳಿಹಾಕಿದ್ದರು. ಮೇಲಿನಿಂದ ಕೆಳಗಿನವರೆಗೆ ಇಡೀ ಸಂಸ್ಥೆಯೇ ಅಲಕ್ಷ್ಯದಿಂದ ಕೆಟ್ಟಿತ್ತೆಂಬುದು ತನಿಖೆಯ ತೀರ್ಮಾನದ ತಿರುಳು.

ಈ ದುರಂತದ ಫಲವಾಗಿ 1993ರಲ್ಲಿ ಅಂತರರಾಷ್ಟ್ರೀಯ ಸುರಕ್ಷಾ ನಿರ್ವಹಣಾ ಸಂಹಿತೆ ಅಂಗೀಕಾರವಾಯಿತು; 1998ರಿಂದ ಪ್ರಯಾಣಿಕ ಹಡಗು, ತೈಲ ಹಡಗು ಮೊದಲಾದವಕ್ಕೆ, 2002ರಿಂದ ಉಳಿದ ಬಹುಪಾಲು ಸರಕು ಹಡಗುಗಳಿಗೂ ಕಡ್ಡಾಯವಾಯಿತು. ಹಡಗಿನವರು ದೂರು ಹೇಳಿಕೊಳ್ಳಬಹುದಾದ, ಸಂಸ್ಥೆಯ ಅತಿ ಮೇಲಿನವರನ್ನು ನೇರವಾಗಿ ಕಾಣಬಲ್ಲ ಒಬ್ಬ ವ್ಯಕ್ತಿ ದಡದ ಕಚೇರಿಯಲ್ಲಿ ಇರಲೇಬೇಕೆಂದು ಅದು ವಿಧಿಸುತ್ತದೆ. ಒಂದು ದೀಪಕ್ಕಾಗಿ ಬರೆದ ಕಾಗದ ಮೇಜಿನ ಮೇಲೆ ಧೂಳು ತಿನ್ನಬಾರದು ಎಂಬ ಪಾಠ ಹೀಗೆ ನಿಯಮವಾಯಿತು. ಹಡಗು ನಿರ್ವಹಣೆಯ ವಿದ್ಯಾರ್ಥಿ ಬಾಡಿಗೆ ಕರಾರಿನ ಜೊತೆಗೆ ಈ ಸಂಹಿತೆಯನ್ನೂ ಓದುವುದು ಈ ಕಾರಣಕ್ಕೆ.

ನಮ್ಮ ದೇಶದಲ್ಲಿ 2008ರ ನವೆಂಬರಿನಲ್ಲಿ ಭಾರತೀಯ ಕಡಲ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಚೆನ್ನೈ ಅದರ ಕೇಂದ್ರ. ಬಂದರು ಮತ್ತು ಹಡಗು ನಿರ್ವಹಣೆ, ಅಂತರರಾಷ್ಟ್ರೀಯ ಸಾರಿಗೆ ಹಾಗೂ ಸರಕು ಸಾಗಣೆ ನಿರ್ವಹಣೆ ಇವುಗಳಲ್ಲಿ ಅದು ಎಂ.ಬಿ.ಎ. ಪದವಿ ಕೊಡುತ್ತದೆ. ಯಾವುದೇ ಪದವೀಧರರು ಈ ದಾರಿಯತ್ತ ನೋಡಬಹುದು. ಈಜು ಬಾರದಿದ್ದರೂ ಅಡ್ಡಿಯಿಲ್ಲ!

ಕಡಲು ಕರಾವಳಿಯವರ ಸ್ವತ್ತು ಎಂದು ಬಯಲುಸೀಮೆಯ ಓದುಗರು ಅನ್ನಬಹುದು. 1974ರಲ್ಲಿ ಪ್ರಮುಖ ಬಂದರೆನಿಸಿಕೊಂಡ ಪಣಂಬೂರಿನ ನವಮಂಗಳೂರು ಬಂದರು ನಮಗಿದೆ, ನಿಜ. ಆದರೆ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ತೆರೆದದ್ದು ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ, 1981ರಲ್ಲಿ. ಸುಂಕದ ತಪಾಸಣೆ ಮುಗಿಸಿ, ಮೊಹರು ಹಾಕಿದ ಪೆಟ್ಟಿಗೆ ಇಲ್ಲಿಂದಲೇ ರೈಲು ಹತ್ತಿ ಬಂದರಿಗೆ ಹೋಗುತ್ತದೆ. ಪೆಟ್ಟಿಗೆ ಬಂದ ಮೇಲೆ ಬಂದರು ಊರ ಬಾಗಿಲಿಗೇ ಬಂದಿದೆ.

ಇನ್ನು ಮೊದಲು ಕೇಳಿದ ಪ್ರಶ್ನೆ. ಎವರ್ ಗಿವನ್‌ನ 25 ಮಂದಿ ನಮ್ಮವರು ಹಡಗನ್ನು ನಡೆಸಬಲ್ಲವರೇ ಹೌದು. ಹಡಗು ಕಟ್ಟಿಬಿದ್ದ ಆ ತಿಂಗಳುಗಳಲ್ಲಿ ಅದರ ವಿಮೆ, ದಂಡ, ಪರಿಹಾರಗಳ ಮಾತುಕತೆ ನಡೆದದ್ದು ಬೇರೆಯವರ ಮೇಜುಗಳ ಮೇಲೆ. ಡಫರಿನ್ ಹಡಗು ಖಲಾಸಿಯ ಮಗನಿಗೂ ಅಧಿಕಾರಿಯಾಗುವ ಕನಸು ಕೊಟ್ಟಿತು. ಆ ಮೇಜುಗಳ ಸುತ್ತ ಕೂರಲು ಬೇಕಾದ ವಿದ್ಯೆ ಈಗ ಚೆನ್ನೈಯಲ್ಲೂ ದೊರೆಯುತ್ತದೆ. ನಿಮ್ಮ ಮನೆಯಲ್ಲಿ ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಮಗನೋ ಮಗಳೋ ಇದ್ದರೆ, ಈ ಪುಟವನ್ನು ಅವರ ಕೈಗೂ ಕೊಡಿ.